ಟೈಲರಕ್ಕ ಹೊಲಿದ ಆಕಾಶ

ನಮ್ಮ ಟೈಲರಕ್ಕನ ಕೈಗೆ ಬಂದ ಬಟ್ಟೆ ಟ್ರಯಲ್ ನೋಡದೆ ಅಂಗಡಿಯ ಮೆಟ್ಟಿಲು ಇಳಿದದ್ದಿಲ್ಲ. ಮೂವತ್ತೊಂದು ವರ್ಷದಿಂದ ಅದೇ ಹೊಲಿಗೆ ಯಂತ್ರ, ಅದೇ ಕಿಟಕಿ, ಅದೇ ಹಟ. ಗಿರಾಕಿಗೆ ಅವಸರವಿದ್ದರೆ ಅದು ಗಿರಾಕಿಯ ಪಾಡು. ಹನ್ನೆರಡು ವರ್ಷದಿಂದ ಅವಳ ಪಕ್ಕದಲ್ಲಿ ಕೂತು ಕಾಜಾ ಹೊಲಿದು ಗುಂಡಿ ಹಾಕುವವಳು ನಾನು. ಅಕ್ಕ ಅಂತ ಕರೆಯುತ್ತೇನೆ, ಅವಳಿಂದ ಬೈಸಿಕೊಳ್ಳುತ್ತೇನೆ, ಸಮಯ ಸಿಕ್ಕರೆ ತಿರುಗಿ ಬೈಯುತ್ತೇನೆ.

ಅಕ್ಕನಿಗೆ ಒಬ್ಬಳೇ ಮಗಳು, ವಿಜ್ಞಾನದ ಟೀಚರ್. ಓದಿನಲ್ಲಿ ಜಾಣೆ, ಆದರೆ ನಾಲಿಗೆ ಅವಳ ಮಾತು ಕೇಳುವುದಿಲ್ಲ. ನಾಲ್ಕು ಮುಖ ಎದುರಿಗೆ ಬಂದರೆ ಸಾಕು, ಉಗ್ಗು ಶುರು. ಇದೇ ಕಾರಣಕ್ಕೆ ಎರಡು ಶಾಲೆಯವರು ವರ್ಷ ತುಂಬುವ ಮೊದಲೇ ಅವಳನ್ನು ಮನೆಗೆ ಕಳಿಸಿದ್ದರು. ಈಗ ಮೂರನೆಯ ಶಾಲೆ. ತಪಾಸಣೆಗೆ ಬರುವ ಅಧಿಕಾರಿ ಅವಳ ಒಂದು ಪಾಠ ಕೇಳಿ, ಕೆಲಸ ಖಾಯಂ ಮಾಡಬೇಕೋ ಬೇಡವೋ ಹೇಳುವವರಿದ್ದರು. ಇದೂ ತಪ್ಪಿದರೆ ಇನ್ನು ಯಾವ ಶಾಲೆಯ ಬಾಗಿಲನ್ನೂ ತಟ್ಟುವುದಿಲ್ಲ ಅಂತ ಹುಡುಗಿ ಹೇಳಿಬಿಟ್ಟಿದ್ದಳು.

ಕರೆಂಟು ಹೋದಾಗ ಮಾತ್ರ ಅವಳು ಪಟಪಟ ಮಾತಾಡುತ್ತಾಳೆ ಎನ್ನುವುದು ಅಕ್ಕನಿಗೆ ಗೊತ್ತಿತ್ತು. ಕತ್ತಲಲ್ಲಿ ಯಾರ ಮುಖವೂ ಕಾಣುವುದಿಲ್ಲವಲ್ಲ. ಅಕ್ಕನ ತಲೆ ಓಡಿದ್ದು ಅಲ್ಲಿಗೆ.

"ನೀನು ಆಕಾಶದ ಪಾಠ ಮಾಡು. ಕತ್ತಲೆ ನಾನು ಹೊಲಿದು ಕೊಡ್ತೀನಿ" ಅಂದಳು ಮಗಳಿಗೆ.

ದಪ್ಪ ಕರಿ ಬಟ್ಟೆಯ ದುಂಡು ಗುಡಾರ. ಅದನ್ನು ಬಿಸಿಲಿನಲ್ಲಿ ನಿಲ್ಲಿಸಿ ಮಕ್ಕಳನ್ನು ಒಳಗೆ ಕೂರಿಸಿದರೆ, ಸಣ್ಣ ಸಣ್ಣ ತೂತುಗಳಿಂದ ಬರುವ ಬೆಳಕು ನಕ್ಷತ್ರಗಳಂತೆ ಕಾಣಬೇಕು. ಮಗಳು ತಂದುಕೊಟ್ಟ ನಕ್ಷೆಯಲ್ಲಿ ಮುನ್ನೂರ ಹನ್ನೆರಡು ಚುಕ್ಕೆಗಳಿದ್ದವು. ಬಟ್ಟೆಯನ್ನು ಸುಮ್ಮನೆ ಚುಚ್ಚಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಪ್ರತಿ ತೂತಿನ ಸುತ್ತ ಕಾಜಾ ಹಾಕಬೇಕು. ಹಾಕುವವರು ಯಾರು? ಇನ್ಯಾರು, ನಾನೇ! ಹದಿನೆಂಟು ದಿನದಲ್ಲಿ ನನ್ನ ಬೆರಳು ಜರಡಿಯಾಯಿತು.

ಪಾಠದ ಹಿಂದಿನ ಸಂಜೆ ಏಳೂವರೆಗೆ ಅಕ್ಕ ಗುಡಾರವನ್ನು ಹೆಗಲ ಮೇಲೆ ಹೊತ್ತು ಅಂಗಡಿಯ ತಾರಸಿಗೆ ಹೊರಟಳು.

"ಏನಕ್ಕ, ಆಕಾಶಕ್ಕೂ ಟ್ರಯಲ್ಲಾ?" ಅಂದೆ.

"ಯಾರ ಅಳತೆನೋ ಅವರ ಮೈಗೇ ಇಟ್ಟು ನೋಡ್ಬೇಕಲ್ವೇನೇ? ಬಾ ಸುಮ್ನೆ."

ಮೂವತ್ತೊಂದು ವರ್ಷ ಸೂಜಿಯ ಕಡೆ ಬಗ್ಗಿದ ಕುತ್ತಿಗೆ ಅದು. ಮೇಲೆತ್ತುವಾಗ ಲಟಕ್ಕೆಂದಿತು. ಹುಡುಕಿ ಹುಡುಕಿ, ಮಗಳು ಹೇಳಿಕೊಟ್ಟಿದ್ದ ಸೌಟಿನ ಆಕಾರದ ಏಳು ನಕ್ಷತ್ರಗಳನ್ನು ಕಂಡುಹಿಡಿದಳು. ಆಮೇಲೆ ಇಬ್ಬರೂ ಗುಡಾರವನ್ನು ತಲೆಯ ಮೇಲೆ ಹೊದ್ದುಕೊಂಡು ತಾರಸಿಯ ಬಲ್ಬಿನ ಕಡೆ ಮುಖ ಮಾಡಿ ನಮ್ಮ ಸೌಟನ್ನು ನೋಡಿದೆವು. ಹೊರಗೆ ಬಂದು ಆಕಾಶ ನೋಡಿದೆವು, ಮತ್ತೆ ಒಳಗೆ ಹೋಗಿ ಬಟ್ಟೆ ನೋಡಿದೆವು. ಹೇಗೆ ತಿರುಗಿಸಿದರೂ ನಮ್ಮ ಸೌಟಿನ ಹಿಡಿ ಎದುರು ದಿಕ್ಕಿಗೇ ಹೋಗುತ್ತಿತ್ತು.

ಅಕ್ಕ ನಿಂತಲ್ಲೇ ಕುಸಿದು ಕೂತಳು. "ಅಯ್ಯೋ, ಪೂರ್ತಿ ಉಲ್ಟಾ ಹೊಲಿದಿದ್ದೀನಿ ಕಣೇ."

ಆಗಿದ್ದಿಷ್ಟೆ. ಸೀಮೆಸುಣ್ಣದ ಗುರುತು ಯಾವಾಗಲೂ ಕಣ್ಣಿಗೆ ಬೀಳದ ಮಗ್ಗುಲಿಗೆ ಹಾಕುವುದು ಟೈಲರ್‌ಗಳ ರೂಢಿ. ಮಕ್ಕಳು ನೋಡುವುದು ಗುಡಾರದ ಒಳಮಗ್ಗುಲನ್ನು. ಹಾಗಾಗಿ ಅಕ್ಕನ ಕೈ ತಾನಾಗಿ ಹೊರಮಗ್ಗುಲಿಗೆ ಹೋಗಿ ನಕ್ಷೆಯನ್ನು ಅಲ್ಲಿ ಇಳಿಸಿತ್ತು. ಒಳಗೆ ಕೂತು ನೋಡಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಂಗಿಯ ತೋಳಿಗಾದರೆ ನಡೆಯುತ್ತದೆ, ಎಡ ಬಲ ಎರಡೂ ಹೇಗಿದ್ದರೂ ಬೇಕು. ಆಕಾಶ ಇರುವುದು ಒಂದೇ.

"ಇನ್ನೊಂದು ಸಲ ಮುನ್ನೂರ ಹನ್ನೆರಡು ಕಾಜಾ ಅಂದ್ರೆ ಇಲ್ಲಿಂದಲೇ ಹಾರಿಬಿಡ್ತೀನಿ ನೋಡು" ಅಂದೆ. ಅಕ್ಕ ನಗಲಿಲ್ಲ. ಮೇಲೆ ನೋಡುತ್ತಲೇ ಇದ್ದಳು.

"ಇದರ ಮುಂದೆ ಭೂಮಿನೇ ಒಂದು ಧೂಳಿನ ಕಣ ಅಂತಾಳೆ ನನ್ನ ಮಗಳು. ಹಾಗಾದ್ರೆ ನಾನೆಷ್ಟು? ಇವಳ ಕೆಲಸ ಎಷ್ಟು? ಏನೂ ಅಲ್ಲ. ಏನೂ ಅಲ್ಲದ್ದಕ್ಕೆ ನನ್ನೆದೆ ಯಾಕೆ ಹೀಗೆ ಹೊಡ್ಕೊಳ್ತಿದೆ? ಕೈ ಇಟ್ಟು ನೋಡು."

ಇಟ್ಟು ನೋಡಿದೆ. ಹೊಲಿಗೆ ಯಂತ್ರ ಓಡಿದ ಹಾಗೆ ಓಡುತ್ತಿತ್ತು. ಅಷ್ಟು ಹೊತ್ತು ಮೇಲೆ ನೋಡಿದ್ದು ನನಗೂ ಅದೇ ಮೊದಲು. ಚೆಂದ ಅನ್ನಿಸಲಿಲ್ಲ, ನಿಜವಾಗಿ ಹೆದರಿಕೆಯಾಯಿತು. ನಾವಿಬ್ಬರು ಅಲ್ಲಿ ಕೂತಿದ್ದರೂ ಇಲ್ಲದಿದ್ದರೂ ಮೇಲಿನ ಒಂದು ಚುಕ್ಕೆಯೂ ಮಿಸುಕುವುದಿಲ್ಲ. ಆ ಹುಡುಗಿ ಉಗ್ಗಿದರೂ ಅಷ್ಟೇ, ಉಗ್ಗದಿದ್ದರೂ ಅಷ್ಟೇ. ಹೆದರಿಕೆಗೆ ಬಾಯಿಗೆ ಬಂದದ್ದು ಹೇಳಿದೆ.

"ಅಕ್ಕ, ತೋಳು ಹೊಲಿದು ಆಮೇಲೆ ಒಳಗಿಂದು ಹೊರಗೆ ಎಳೀತೀವಲ್ಲ, ಹಾಗೆ ಇದನ್ನೂ ಎಳೆದುಬಿಟ್ರೆ?"

ಅಕ್ಕ ನನ್ನ ಮುಖ ನೋಡಿದಳು. ಹನ್ನೆರಡು ವರ್ಷದಲ್ಲಿ ನನ್ನನ್ನು ಅಷ್ಟು ಮರ್ಯಾದೆಯಿಂದ ನೋಡಿದ್ದು ಅದೊಂದೇ ಸಲ. ಗುಡಾರವನ್ನು ತಿರುವಿ ಹೊದ್ದುಕೊಂಡೆವು, ಸೌಟು ಸರಿಹೋಗಿತ್ತು. ಕೋಲು ಸಿಗಿಸುವ ಇಪ್ಪತ್ತನಾಲ್ಕು ಕುಣಿಕೆಗಳು ಮಾತ್ರ ಈಗ ಹೊರಗಾಗಿದ್ದವು. ಅವನ್ನು ಬಿಚ್ಚಿ ಒಳಗೆ ಹೊಲಿದು ಮುಗಿಸುವಷ್ಟರಲ್ಲಿ ಒಂಬತ್ತೂವರೆ. ಮಗಳಿಗೆ ಹೇಳಬೇಡ ಅಂತ ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಳು. ಹೇಳಿದರೆ ಬರುವ ಮಾತೂ ಹೆದರಿಕೆಗೆ ನಿಂತುಹೋದೀತು ಎಂದು ಅವಳ ಭಯ. ಅಷ್ಟಾದರೂ ಮನಸ್ಸಿಗೆ ನೆಮ್ಮದಿಯಿಲ್ಲ. "ನೋಡಿದ್ದು ಏಳನ್ನು ಮಾತ್ರ. ಮಿಕ್ಕ ಮುನ್ನೂರ ಐದು ಸರಿ ಇವೆ ಅಂತ ಏನು ಗ್ಯಾರಂಟಿ?" ಅಂತ ಕತ್ತರಿ ಎತ್ತಿಡುವಾಗಲೂ ಗೊಣಗುತ್ತಿದ್ದಳು.

ಮರುದಿನ ಹತ್ತು ಗಂಟೆಗೆ ಶಾಲೆಯ ಅಂಗಳದಲ್ಲಿ ಒಳ್ಳೆಯ ಬಿಸಿಲು. ಇಪ್ಪತ್ತು ಮಕ್ಕಳು ಗುಡಾರಕ್ಕೆ ನುಗ್ಗಿದರು. ಅಧಿಕಾರಿ ಮಂಡಿ ಹಿಡಿದುಕೊಂಡು ಬಗ್ಗಿ ಒಳಗೆ ಹೋದರು. ಬಾಗಿಲ ಬಟ್ಟೆ ಬಿತ್ತು. ಹೊರಗೆ ಉಳಿದವರು ನಾವಿಬ್ಬರೇ. ನಮಗೆ ಕಂಡದ್ದು ಕರಿ ಬಟ್ಟೆಯ ಒಂದು ಗುಡ್ಡೆ ಅಷ್ಟೇ.

ಒಳಗಿನಿಂದ ಮಗಳ ದನಿ ಬಂತು. ಒಂದು ಮಾತು, ಎರಡು ಮಾತು, ಹತ್ತು ಮಾತು. ಎಲ್ಲೂ ತೊಡರಲಿಲ್ಲ. ಅಕ್ಕನ ತುಟಿ ಅವಳ ಜೊತೆಗೇ ಅಲ್ಲಾಡುತ್ತಿತ್ತು. ಸೌಟು ಬಂತು ಹೋಯಿತು, ಯಾರೂ ತಪ್ಪು ಅನ್ನಲಿಲ್ಲ. ನಾನು ಉಸಿರು ಬಿಟ್ಟೆ.

ಆಗ ಅಧಿಕಾರಿಯ ದಪ್ಪ ದನಿ ಕೇಳಿಸಿತು. "ಟೀಚರ್, ಇಷ್ಟು ದೊಡ್ಡ ವಿಶ್ವದಲ್ಲಿ ಮನುಷ್ಯನ ಸ್ಥಾನ ಏನು? ಮಕ್ಕಳಿಗೆ ಹೇಳಿ ನೋಡೋಣ."

"ಮ... ಮ... ಮನು..."

ನಿಂತುಹೋಯಿತು. ಒಂದು ಮಗು ಕಿಸಕ್ಕೆಂದಿತು. ಅಕ್ಕ ಎರಡೂ ಅಂಗೈ ಚಾಚಿ ಗುಡಾರಕ್ಕೆ ಹಾಗೇ ಒರಗಿಬಿಟ್ಟಳು. ಕೆನ್ನೆ, ಎದೆ, ತೋಳು ಎಲ್ಲ ಬಟ್ಟೆಗೆ ಒತ್ತಿಕೊಂಡಿದ್ದವು. ಹೇಳೇ, ಹೇಳೇ ನನ್ನಮ್ಮ ಅಂತ ಅವಳ ಬಾಯಿ ಸದ್ದಿಲ್ಲದೆ ಬೇಡುತ್ತಿತ್ತು. ಗುಡಾರ ಬಿದ್ದೀತೆಂದು ನಾನು ಅವಳ ತೋಳು ಹಿಡಿದು ಎಳೆದೆ, ಕದಲಲಿಲ್ಲ. ಒಳಗೆ ಒಮ್ಮೆಲೇ ಗದ್ದಲವೆದ್ದಿತು.

"ಟೀಚರ್, ಟೀಚರ್! ಆ ಕಡೆ ನಕ್ಷತ್ರ ಎಲ್ಲಾ ಆರಿಹೋಯ್ತು!"

ಆಮೇಲೆ ಹುಡುಗಿ ನಕ್ಕಳು. ನಗುತ್ತಲೇ, ಒಂದಕ್ಷರವೂ ತೊಡರದೆ ಹೇಳಿದಳು.

"ಆರಿಲ್ಲ ಕಣ್ರೋ. ಅಲ್ಲಿ ನಮ್ಮಮ್ಮ ನಿಂತಿದ್ದಾರೆ."