ಎಂತ ಚಿಗವ್ವನ ಕೆಸು

ಕನ್ನಡ ನಾಡೆಲ್ಲ ಒಂದಾಯಿತೆಂದು ಶಾಲೆಯಲ್ಲಿ ನಮಗೆ ಪೆಪ್ಪರಮೆಂಟು ಹಂಚಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಾಡು ಒಂದಾದದ್ದೇನೋ ನಿಜ, ಶಿಕಾರಿಪುರದ ನಮ್ಮ ಮನೆಯೊಳಗೆ ಮಾತ್ರ ಎರಡು ಬಗೆಯ ಕನ್ನಡಕ್ಕೆ ಜಾಗವಿರಲಿಲ್ಲ. 'ಏನ', 'ಯಾಕ', 'ಹ್ಯಾಂಗ' ಅಂದರಷ್ಟೇ ನಮಗೆ ಮಾತು. ಆ ಬೇಸಿಗೆಯಲ್ಲಿ ಮದುವೆಯಾಗಿ ಬಂದ ಚಿಕ್ಕಪ್ಪನ ಹೆಂಡತಿ ಗೌರಮ್ಮ ಸೊರಬ ಸೀಮೆಯ ಉಳವಿಯವಳು. ಬಾಯಿಬಿಟ್ಟರೆ 'ಎಂತ', 'ಎಂತಕ್ಕೆ', 'ಅಲ್ದಾ'. ಬಂದ ವಾರದಲ್ಲೇ ನಾವು ಹುಡುಗರು ಅವಳಿಗೆ 'ಎಂತ ಚಿಗವ್ವ' ಎಂದು ಹೆಸರಿಟ್ಟುಬಿಟ್ಟೆವು. ದೊಡ್ಡವರು ಗದರಿಸಬೇಕಿತ್ತು. ಅವರೂ ನಕ್ಕರು.

ತವರಿನಿಂದ ಬರುವಾಗ ಅವಳು ಸೀರೆಗಳ ನಡುವೆ ಒಂದು ಗಂಟು ಕೆಸುವಿನ ಗಡ್ಡೆ ತಂದಿದ್ದಳು. ನಮ್ಮ ಮನೆಯಲ್ಲಿ ಕೆಸು ತಿಂದವರಿಲ್ಲ, ಗಂಟಲು ಕೆರೆಯುತ್ತದೆ ಎಂಬ ಭಯ. ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ ಎಂದು ಹೇಳಿ ಅಜ್ಜಿಯನ್ನು ಹೇಗೋ ಒಪ್ಪಿಸಿದಳು. ಪಂಚಮಿಗೆ ಅವಳ ಅಣ್ಣ ಕರೆಯಲು ಬರುವವನಿದ್ದ. ಅವನಿಗೆ ಈ ಹಿತ್ತಲಲ್ಲೇ ಬೆಳೆದ ಕೆಸುವಿನ ದಂಟಿನ ಹುಳಿ ಮಾಡಿ ಬಡಿಸಬೇಕು, ತಂಗಿ ಇಲ್ಲಿ ಸುಖವಾಗಿದ್ದಾಳೆ ಎಂದು ಅವನು ಹೋಗಿ ತಾಯಿಗೆ ಹೇಳಬೇಕು. ಅವಳ ಆಸೆ ಅಷ್ಟೇ.

ಬಚ್ಚಲ ನೀರು ಹರಿಯುವ ಕಡೆ ಸಾಲಾಗಿ ನೆಟ್ಟಳು. ಹಂಡೆ ಒಲೆಯ ಹೊಗೆ, ಸೀಗೆಪುಡಿ ಎರಡೂ ಸೇರಿದ ವಾಸನೆ ಅಲ್ಲಿ ಯಾವಾಗಲೂ ಇರುತ್ತಿತ್ತು. ಎಲೆ ಬಿಚ್ಚಿಕೊಂಡ ಮೇಲೆ ಅವಳು ನನಗೊಂದು ಆಟ ಕಲಿಸಿದಳು. ಎಲೆಯ ಮೇಲೆ ಒಂದು ಹನಿ ನೀರು ಬಿಟ್ಟು, ಒಡೆಯದಂತೆ ಇನ್ನೊಂದು ಎಲೆಗೆ ಉರುಳಿಸಬೇಕು. ನನ್ನದು ಯಾವಾಗಲೂ ಒಡೆಯುತ್ತಿತ್ತು.

ನಮ್ಮ ಅಜ್ಜಿಗೆ ಸೊಸೆಯ ಮೇಲೆ ಅಕ್ಕರೆ ಇರಲಿಲ್ಲವೆಂದು ಯಾರಾದರೂ ಅಂದರೆ ಈಗಲೂ ನಾನು ಜಗಳಕ್ಕೆ ನಿಲ್ಲುತ್ತೇನೆ. ಈಸೂರಿನ ದಾರಿಯಲ್ಲಿದ್ದ ನಮ್ಮ ಹೊಲದಲ್ಲಿ ಆಗ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಅಲ್ಲಿಂದ ಒಂದು ಬುಟ್ಟಿ ಹಸಿ ಹಿಕ್ಕೆ ತರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಕೂತು ಗಿಡಗಳ ಬುಡಕ್ಕೆಲ್ಲ ಹಾಕಿದಳು.

"ಅತ್ತೆ, ಎಂತಕ್ಕೆ ಅದು..." ಎನ್ನುತ್ತ ಚಿಗವ್ವ ಓಡಿ ಬಂದಳು.

"ಎಂತಕ್ಕೆ, ಎಂತಕ್ಕೆ" ಎಂದು ನಾವೆಲ್ಲ ಸುತ್ತ ಕುಣಿದೆವು. ಅಜ್ಜಿಗೂ ನಗು ತಡೆಯಲಾಗಲಿಲ್ಲ. "ಎಂತಕ್ಕಲ್ಲವ್ವ, ಯಾಕ ಅನ್ನು. ನಿನ್ನ ಗಿಡ ಚಲೋ ಬರಲಿ ಅಂತ ಹಾಕೇನಿ" ಎಂದಳು.

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾಚಿಕೊಂಡಳು ಅಂದುಕೊಂಡೆವು.

ವಾರ ಕಳೆಯುವುದರೊಳಗೆ ದಂಟುಗಳು ಬಾಡತೊಡಗಿದವು. ಬಿಸಿಲಿಗೆ ಜೋತು ಸಂಜೆಗೆ ಮತ್ತೆ ಏಳುವ ಬಾಡಲ್ಲ ಅದು. ಬುಡ ಮೆತ್ತಗಾಗಿ, ಎಲೆಯ ಅಂಚು ಕಂದಾಗಿ, ಬೆಳಗಿನ ತಂಪಿನಲ್ಲೂ ನೆಲ ಹಿಡಿದಿರುತ್ತಿದ್ದವು. ಅಜ್ಜಿಗೆ ಊಟ ಸೇರದಾಯಿತು. ಪಕ್ಕದ ಮನೆಯ ಬಸಮ್ಮ ಬಂದು "ದೃಷ್ಟಿ ತಾಗೇತಿ" ಎಂದಳು. ಬೇಲಿಗೆ ಹರಿದ ಚಪ್ಪಲಿ ಕಟ್ಟಿದ್ದಾಯಿತು. ಪಾತ್ರೆಗೆ ಕಲಾಯಿ ಹಾಕಲು ಬಂದ ಸಾಬರು "ಬೇರಿಗೆ ಹುಳ ಬಿದ್ದಿರಬೇಕು, ಬಗೆದು ನೋಡ್ರಿ ಅವ್ವಾರೆ" ಎಂದರು. ಬಗೆದರೆ ಹುಳ ಇಲ್ಲ. ಅಂಗಡಿಯಿಂದ ಬಂದ ಅಜ್ಜ "ನೀರು ಸಾಲವಲ್ದು" ಅಂದ. ಕೊಡಗಟ್ಟಲೆ ಸುರಿದೆವು. ಕೊನೆಗೆ ಅಜ್ಜಿ, ಮಣ್ಣಿನಲ್ಲಿ ಸತ್ವ ಇಲ್ಲ ಎಂದು ತಾನೇ ತೀರ್ಮಾನ ಮಾಡಿದಳು. ಇನ್ನೊಂದು ಬುಟ್ಟಿ ಹಿಕ್ಕೆ ಬಂತು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೇಳಿದೆವು. ಹಿತ್ತಲ ಬಾಗಿಲಲ್ಲಿ ನಿಂತೇ ಇರುತ್ತಿದ್ದ ಚಿಗವ್ವನನ್ನು ಯಾರೂ ಕೇಳಲಿಲ್ಲ.

ಪಂಚಮಿಯ ಹಿಂದಿನ ದಿನ ಅವಳ ಅಣ್ಣ ಬಂದ. ಮನೆ ತುಂಬ ಹುರಿದ ಜೋಳದ ಅಳ್ಳಿನ ಘಮ, ತಂಬಿಟ್ಟಿನ ಏಲಕ್ಕಿ ಘಮ, ತೊಲೆಗೆ ಕಟ್ಟಿದ ಜೋಕಾಲಿಗಾಗಿ ನಮ್ಮ ಕಿತ್ತಾಟ. ಕಾಲು ತೊಳೆಯಲು ಹಿತ್ತಲಿಗೆ ಹೋದವನು ಕೆಸುವಿನ ಸಾಲು ಕಂಡು ನಿಂತುಬಿಟ್ಟ.

"ಇದೆಂತ ಗೌರಿ, ಹಸಿ ಕುರಿ ಹಿಕ್ಕೆ ಹಾಕಿದ್ದಾ? ಬೇರು ಸುಟ್ಟು ಹೋಗ್ತದೆ ಅಂತ ನಿಂಗೆ ಗೊತ್ತಿಲ್ದಾ? ಮನೇಲಿ ಕೆಸ ನೋಡ್ಕಳ್ತಿದ್ದವಳು ನೀನೇ ಅಲ್ದಾ?"

ತಂಬಿಗೆ ಹಿಡಿದು ಹಿಂದೆಯೇ ಬಂದಿದ್ದ ಅಜ್ಜಿ ಸೊಸೆಯ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನವ್ವ? ಮತ್ತ ಯಾಕ ಹೇಳಲಿಲ್ಲ?"

ಚಿಗವ್ವ ನೆಲ ನೋಡುತ್ತ, "ಹೇಳಾಕೆ ಬಂದಿದ್ದೆ ಅತ್ತೆ. ನಾ ಮಾತಾಡಿದ್ರೆ ಎಲ್ಲಾರೂ ನಗ್ತೀರಿ ಅಲ್ದಾ" ಎಂದಳು.

ಆ 'ಅಲ್ದಾ'ಗೆ ಯಾರೂ ನಗಲಿಲ್ಲ. ಮರುದಿನ ಊಟಕ್ಕೆ ಕೂತ ಅಣ್ಣನಿಗೆ ಅಜ್ಜಿ ಬೇಡ ಬೇಡ ಅಂದರೂ ತುಪ್ಪ ಸುರಿದು ಬಡಿಸಿದಳು. ಎಲೆಯಲ್ಲಿ ದಂಟಿನ ಹುಳಿ ಇರಲಿಲ್ಲ. ತಂಗಿಯನ್ನು ಕರೆದುಕೊಂಡು ಉಳವಿಗೆ ಹೋದವನು ತಾಯಿಗೆ ಏನು ಹೇಳಿದನೋ ನಮಗೆ ತಿಳಿಯಲಿಲ್ಲ.

ಮರುವರ್ಷ ಅಜ್ಜಿ ತಾನೇ ಉಳವಿಗೆ ಹೇಳಿಕಳಿಸಿ ಗಡ್ಡೆ ತರಿಸಿದಳು. ಹಿತ್ತಲಲ್ಲಿ ಕೂತು ಸೊಸೆಯನ್ನು ಕರೆದು, "ಗೌರಿ, ಇದನ್ನ ಹ್ಯಾಂಗ ಹಚ್ಚಬೇಕು, ನೀನ ಹೇಳವ್ವ" ಎಂದಳು.

"ನಿಮಗ ಹ್ಯಾಂಗ ತಿಳೀತೈತಿ ಹಾಂಗ ಹಚ್ರೀ ಅತ್ತೀ" ಎಂದಳು ಚಿಗವ್ವ.

ಅಪ್ಪಟ ನಮ್ಮ ಮಾತು. ಅಷ್ಟರಲ್ಲಿ ಕಲಿತುಬಿಟ್ಟಿದ್ದಳು. ಅಜ್ಜಿ ಗಡ್ಡೆ ಕೈಯಲ್ಲಿ ಹಿಡಿದುಕೊಂಡು ಅವಳ ಮುಖವನ್ನೇ ನೋಡಿದಳು.

ಹಿಕ್ಕೆ ಹಾಕಲಿಲ್ಲ, ಕೆಸು ಚೆನ್ನಾಗಿ ಬಂತು. ದಂಟಿನ ಹುಳಿ ತಿಂದೆವು, ಗಂಟಲು ಕೆರೆಯಲಿಲ್ಲ, ಆಮೇಲೆ ವರ್ಷ ವರ್ಷವೂ ತಿಂದೆವು. ಆದರೆ ನಮ್ಮ ಮನೆಗೆ ನಡೆದು ಬಂದಿದ್ದ ಒಂದು ಮಾತನ್ನು ನಾವೇ ನಕ್ಕು ನಕ್ಕು ಹೊರಗೆ ಕಳಿಸಿದ್ದೆವು, ಅದು ತಿರುಗಿ ಬರಲಿಲ್ಲ. ಈಗ ಸೊರಬದ ಬಸ್ಸಿನಲ್ಲಿ ಯಾರಾದರೂ 'ಎಂತ' ಅಂದರೆ ನನ್ನ ಕಿವಿ ಅತ್ತ ತಿರುಗುತ್ತದೆ. ಅಜ್ಜಿಗೆ ಆ ಮಾತಿನ ಹಂಬಲ ನನಗಿಂತ ಹೆಚ್ಚಿತ್ತು. ಕಣ್ಣು ಮಂಜಾದ ಮೇಲೆ, ಹಿತ್ತಲಲ್ಲಿ ಸೊಸೆಯ ಬಳೆ ಸಪ್ಪಳ ಕೇಳಿದರೆ ಕೂತಲ್ಲಿಂದಲೇ ಕೂಗುತ್ತಿದ್ದಳು. ಸೊರಬದ ಕಡೆಯ ಮಾತು ಅವಳಿಗೆ ಬರುತ್ತಿದ್ದದ್ದು ಅದೊಂದೇ.

"ಎಂತ ಮಾಡ್ತೀಯೇ ಗೌರಿ?"

"ಏನಿಲ್ರೀ ಅತ್ತೀ" ಎನ್ನುತ್ತಿದ್ದಳು ಚಿಗವ್ವ.