ನಮ್ಮಾಕಿ ನಕ್ಕ ರವಿವಾರ

ಹೋದ ವಾರ ಸೊಸೆಗೆಂದು ತಂದ ಇಳಕಲ್ ಸೀರೆಯ ಮಡಿಕೆ ಬಿಚ್ಚಿದೆ. ಹೊಸ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ತುಸು ಹುಳಿ, ತುಸು ಬಿಸಿಲು... ವಿದ್ಯಾಗಿರಿಯ ನಮ್ಮ ಮನೆಯಲ್ಲಿ ನಿಂತವಳು ಒಮ್ಮೆಲೇ ಹಳೇ ಬಾಗಲಕೋಟೆಯ ಟಾಕೀಸಿನ ಕತ್ತಲೆಯಲ್ಲಿದ್ದೆ. ಪಕ್ಕದ ಕುರ್ಚಿಯಲ್ಲಿ ಎದುರು ಮನೆಯ ಕಾಕು. ಅವರ ಹೆಗಲ ಮೇಲಿನ ಅದೇ ವಾಸನೆಯ ಸೆರಗಿಗೆ ಗಲ್ಲ ತಾಗಿಸಿ, ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತಂದು ನಾನು ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ.

ಕಾಕುವಿನ ತವರು ಇಳಕಲ್ಲು, ನೇಕಾರರ ಮನೆ. ಅವರ ಗಂಡ, ನಮ್ಮ ಕಾಕಾ, ಗಿರಣಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದಾಗ ನಾನು ಮೂರನೇ ಇಯತ್ತೆಯಲ್ಲಿದ್ದೆ. ಮೊದಲ ವರ್ಷ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಆಮೇಲೆ ಹಬ್ಬಕ್ಕೊಂದು. ಆಮೇಲೆ... ಅದೂ ನಿಂತಿತು. ಕಾಕು ಓಣಿಯವರ ಕುಬಸ ಹೊಲಿದುಕೊಂಡು ಇದ್ದರು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಅವರ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಅವನು ದಾಟಿ ಹೋದ ಮೇಲೆ ಮತ್ತೆ ಸುರುವಾಗುತ್ತಿತ್ತು. ನಮ್ಮ ಅಡುಗೆಮನೆಯವರೆಗೂ ಅದು ಕೇಳುತ್ತಿತ್ತು.

ನಾನು ಎಂಟನೇ ಇಯತ್ತೆಗೆ ಬಂದಾಗ ಕಾನ್ವೆಂಟಿನ ಸಿಸ್ಟರ್ ಒಬ್ಬರು, ಇಂಗ್ಲಿಷ್ ಸುಧಾರಿಸಬೇಕಾದರೆ ಒಳ್ಳೆಯ ಇಂಗ್ಲಿಷ್ ಚಿತ್ರ ನೋಡಿರಿ ಎಂದರು. ನಮ್ಮೂರ ಟಾಕೀಸಿನಲ್ಲಿ ರವಿವಾರ ಮುಂಜಾನೆ ಒಂದೇ ಆಟ ಇಂಗ್ಲಿಷ್ ಚಿತ್ರ ಇರುತ್ತಿತ್ತು. ಒಬ್ಬಳನ್ನೇ ಕಳಿಸಲು ಅವ್ವನಿಗೆ ಮನಸ್ಸಾಗಲಿಲ್ಲ, ಕಾಕುವನ್ನು ಜೊತೆ ಮಾಡಿದಳು.

"ಇಂಗ್ಲಿಷ್ ಅರ್ಧಾ ಬರಾಕಿ ಒಬ್ಬಾಕಿ, ಒಟ್ಟ ಬರದಾಕಿ ಒಬ್ಬಾಕಿ. ಚೊಲೊ ಜೋಡಿ ಆತು, ನಡೀರಿ!" ಎಂದು ನಕ್ಕಳು.

ಪ್ರಿಂಟು ಹಳೆಯದು, ಪರದೆಯ ಮೇಲೆ ಮಳೆ ಸುರಿದಂತೆ ಗೆರೆಗಳು. ಆ ಗೆರೆಗಳ ನಡುವಿನಿಂದ ನಾಯಕಿ ಪ್ಯಾಂಟಿನ ಕಿಸೆಯಲ್ಲಿ ಕೈಯಿಟ್ಟು ಉದ್ದುದ್ದ ಹೆಜ್ಜೆ ಹಾಕುತ್ತ ಬಂದಳು. ಕಾಕು ಮುಂದಕ್ಕೆ ಬಾಗಿದರು.

"ನೋಡ ಬೇ, ಗಂಡಸರ ಮುಂದ ಹೆಂಗ ನಿಂತಾಳ! ಸೆರಗಿಲ್ಲ, ಹೆದರಿಕಿನೂ ಇಲ್ಲ."

ಅಂದಿನಿಂದ ಆ ನಟಿ ಕಾಕುವಿಗೆ "ನಮ್ಮಾಕಿ" ಆದಳು. ಅವಳ ಜೋಡಿಯ ನಾಯಕ ದಪ್ಪನೆಯ, ನರೆಗೂದಲಿನ, ಕಡಿಮೆ ಮಾತಿನ ಮನುಷ್ಯ. ಅವಳು ಸಿಡುಕುವಾಗ ಕೋಟಿನ ಗುಂಡಿ ತಿರುವುತ್ತ ಕೇಳಿಸಿಕೊಳ್ಳುತ್ತಿದ್ದ. ಅವಳ ಮಾತು ಮುಗಿದ ಮೇಲೆ ಓರೆಗಣ್ಣಿನಿಂದ ಒಮ್ಮೆ ನೋಡುತ್ತಿದ್ದ, ಅಷ್ಟೇ. ಅಷ್ಟಕ್ಕೇ ಅವಳ ಅರ್ಧ ಸಿಟ್ಟು ಇಳಿಯುತ್ತಿತ್ತು. ಕಾಕು ಅವನನ್ನು "ಆಕಿ ಮನಿಯವರು" ಎಂದೇ ಕರೆದರು. ಆ ಚಿತ್ರದ ಕೊನೆಗೆ ಅವನು ಹಡಗು ಹತ್ತಿ ಹೋದ. ಕಾಕು ಮನೆ ಮುಟ್ಟಿದವರೇ ಹೊಲಿಗೆ ಯಂತ್ರಕ್ಕೆ ಕೂತರು.

ಕೆಲವು ತಿಂಗಳ ಮೇಲೆ ಅದೇ ಜೋಡಿಯ ಇನ್ನೊಂದು ಚಿತ್ರ ಬಂತು. ನಮ್ಮಾಕಿ ಹೊಲಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆ ಮನುಷ್ಯ ಬಂದು ಟೋಪಿ ತೆಗೆದು ನಿಂತ. ಕಾಕು ನನ್ನ ಮುಂಗೈ ಹಿಡಿದ ಬಿಗಿಗೆ ಅವರ ಬಳೆಗಳು ಒತ್ತಿದವು.

"ಬಂದ್ರು! ಹಡಗಿನ್ಯಾಗ ಹೋಗಿದ್ರಲ್ಲ, ಬಂದ್ರು ನೋಡ!"

ಅದು ಬೇರೆಯೇ ಕತೆ, ಹೆಸರುಗಳೂ ಬೇರೆ. ಹೇಳಬೇಕಿತ್ತು... ಹೇಳಲಿಲ್ಲ.

"ಇಷ್ಟ ದಿನಾ ಎಲ್ಲಿದ್ರಂತ? ಪತ್ರಾ ಯಾಕ ಬರೀಲಿಲ್ಲಂತ? ಕೇಳಿ ಹೇಳ ಬೇ."

ಪರದೆಯ ಮೇಲೆ ಅವನು ಕುದುರೆಯೊಂದರ ವಿಷಯ ವಿಚಾರಿಸುತ್ತಿದ್ದ. ನಾನು ಪಿಸುಗುಟ್ಟಿದೆ: "ಕೆಲಸಾ ಸಿಗಲಿಲ್ಲಂತರಿ ಕಾಕು. ನಾಚಿಕಿ ಆಗಿ ಬರೀಲಿಲ್ಲಂತ."

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೋ ನನ್ನ ಜಾಣತನದ ಮೇಲೆ ನನಗೇ ಸಂತೋಷ. ಮುಂದೆ ಆ ಜೋಡಿಯ ಚಿತ್ರ ಬಂದಾಗಲೆಲ್ಲ, ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದಂತೆ, ಹಿಂದಿನ ಕತೆಗೆ ಹೊಸದನ್ನು ಜೋಡಿಸುತ್ತ ಹೋದೆ. ಕಾಕುವಿನ ಪಾಲಿಗೆ ಅದೊಂದೇ ಸಂಸಾರ.

ನಾನು ಮಾಡಿದ್ದೇನೆಂದು ತಿಳಿದದ್ದು ಹತ್ತನೇ ಇಯತ್ತೆಯಲ್ಲಿದ್ದಾಗ. ಕಾಕುವಿನ ಅಣ್ಣ ಇಳಕಲ್ಲಿನಿಂದ ಬಂದಿದ್ದರು. ನಾನು ನಮ್ಮ ಕಟ್ಟೆಯ ಮೇಲೆ ಮೆಂತ್ಯೆಪಲ್ಲೆ ಸೋಸುತ್ತಿದ್ದೆ. ಎದುರು ಮನೆಯಿಂದ ಅವರಿಬ್ಬರ ಮಾತು ಕೇಳುತ್ತಿತ್ತು.

"ಇನ್ನೆಷ್ಟ ವರ್ಷಾ ಹಾದಿ ನೋಡಾಕಿ? ಆ ಮನಷ್ಯಾ ಬರೂದಿಲ್ಲ. ಕೀಲಿ ಹಾಕು, ನಡಿ."

"ಅವರು ಬಂದು, ಕೀಲಿ ನೋಡಿ ಹೊಳ್ಳಿ ಹೋದ್ರ? ಕೆಲಸಾ ಸಿಕ್ಕಿರೂದಿಲ್ಲ ಅಣ್ಣಾ. ನಾಚಿಕಿ ಆಗಿ ಪತ್ರಾ ಬರದಿಲ್ಲ. ಪತ್ರಾ ಬರೀದವರೂ ಬರತಾರ, ನಾ ನೋಡೀನಿ."

"ಎಲ್ಲಿ ನೋಡೀದಿ? ಪಿಕ್ಚರಿನ್ಯಾಗ? ಪಿಕ್ಚರ್ ನೋಡಿ ಬಾಳೇ ಮಾಡತಿ ಏನ?"

ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿಯಿತು. ಅಣ್ಣ ಒಬ್ಬರೇ ಬಸ್‌ಸ್ಟ್ಯಾಂಡಿಗೆ ನಡೆದು ಹೋದರು.

ಮುಂದಿನ ರವಿವಾರವೇ ನಮ್ಮಾಕಿಯ ಚಿತ್ರವಿತ್ತು. ಆದರೆ ಜೋಡಿ ಬೇರೆ. ತೆಳು ಮೀಸೆಯ, ಮಾತಿಗೊಮ್ಮೆ ನಗುವ ಯಾರೋ ಒಬ್ಬ.

"ಆಕಿ ಮನಿಯವರೆಲ್ಲಿ?" ಕಾಕು ಕೇಳಿದರು.

ನಾನು ಕೇಳದವಳಂತೆ ಕೂತೆ. ವಿರಾಮದಲ್ಲಿ ಕಾಕು ಎಂದಿನಂತೆ ಶೇಂಗಾ ಕೊಳ್ಳಲಿಲ್ಲ. ದೀಪ ಆರಿದ ಮೇಲೆ ಮತ್ತೆ ಕೇಳಿದರು. ಇವರು ಕಾಯುವುದನ್ನು ಬಿಡಬೇಕಾದರೆ ಇದೊಂದೇ ದಾರಿ ಎಂದುಕೊಂಡೆ.

"ತೀರಿಕೊಂಡ್ರಂತರಿ, ಕಾಕು."

ಅವರು ಅಳಲಿಲ್ಲ. ಕುರ್ಚಿಯ ಕೈಮೇಲಿದ್ದ ಕೈ ಅಲ್ಲೇ ಇತ್ತು. ಪರದೆಯ ಮೇಲೆ ನಮ್ಮಾಕಿ ಅಡುಗೆಮನೆಯಲ್ಲಿ ನಿಂತು ಆ ಮೀಸೆಯವನಿಗೆ ಏನೋ ಅಂದು, ಕುತ್ತಿಗೆ ಹಿಂದಕ್ಕೆ ಚೆಲ್ಲಿ ಜೋರಾಗಿ ನಕ್ಕಳು. ಕಾಕು ರೆಪ್ಪೆ ಬಡಿಯದೆ ನೋಡಿದರು. ಏನಂದಳೆಂದು ಕೇಳಲಿಲ್ಲ.

ಹದಿನೈದು ದಿನಕ್ಕೆ ಅವರ ಹೊಲಿಗೆ ಯಂತ್ರ ಇಳಕಲ್ ಬಸ್ಸಿನ ಟಪ್ಪಿನ ಮೇಲೆ ಏರಿತು. ಓಣಿಯವರೆಲ್ಲ ಕಳಿಸಲು ಹೋದರು. ನಾನು ಪರೀಕ್ಷೆಯ ನೆಪ ಹೇಳಿ ಒಳಗೇ ಕೂತೆ. ಒಬ್ಬ ಮನುಷ್ಯನನ್ನು ನಾನೇ ಕೊಂದಂತೆ ಅನಿಸುತ್ತಿತ್ತು.

ಐದು ವರ್ಷದ ಮೇಲೆ ನನ್ನ ಮದುವೆಯ ಸೀರೆ ತರಲು ಇಳಕಲ್ಲಿಗೆ ಹೋದಾಗ ಅವ್ವ ಅವರ ಮನೆಗೆ ಕರೆದೊಯ್ದಳು. ಕಾಕು ಮಗ್ಗದ ಕುಣಿಯಿಂದ ಎದ್ದು ಬಂದರು. ಮೈ ತುಂಬಿತ್ತು. ಹಣೆಯ ಮೇಲೆ ಕುಂಕುಮ ಹಾಗೇ ಇತ್ತು. ಅವ್ವ ಒಳಗೆ ಹೆಣ್ಣುಮಕ್ಕಳೊಡನೆ ಮಾತಿಗೆ ಕೂತಾಗ ಕಾಕು ನನ್ನ ಕೈಗೆ ಅವಲಕ್ಕಿ ಚೂಡಾದ ತಾಟು ಕೊಟ್ಟು ಕೇಳಿದರು.

"ನಮ್ಮಾಕಿದು ಮತ್ತ ಬಂದಿತ್ತೇನ? ಯಾರ ಜೋಡಿ?"

ಇನ್ನು ತಡೆಯಲಾಗಲಿಲ್ಲ. "ಮೊದಲಿನವರ ಜೋಡಿನ ಬಂದಿತ್ರಿ. ಅವರು ಸತ್ತಿರಲಿಲ್ಲ ಕಾಕು. ನಾ ಸುಳ್ಳ ಹೇಳಿದ್ದೆ. ಅವೆಲ್ಲಾ ಬ್ಯಾರೆ ಬ್ಯಾರೆ ಕತಿ. ನಾಚಿಕಿಗೆ ಪತ್ರಾ ಬರೀಲಿಲ್ಲ ಅಂದದ್ದೂ ಸುಳ್ಳ..."

ಕಾಕು ನನ್ನ ತಲೆಗೆ ಮೆಲ್ಲಗೆ ಮೊಟಕಿದರು.

"ಹುಚ್ಚಿ. ನಿನ್ನ ಮಾತ ಕೇಳಿ ಇಲ್ಲಿಗೆ ಬಂದೆ ಅಂತ ತಿಳದಿಯೇನ? ಆಕಿ ನಕ್ಕಳಲ್ಲ ಬೇ... ಮನಿಯವರಿಲ್ಲದನೂ ಬಾಯಿ ತುಂಬ ನಕ್ಕಳು. ನಾ ನಕ್ಕು ಎಷ್ಟ ವರ್ಷ ಆತು ಅಂತ ಅಲ್ಲೇ ಕುಂತು ನೆನಸಿದೆ. ನೆನಪ ಆಗಲಿಲ್ಲ."

ತಾಟಿನಿಂದ ಒಂದು ಶೇಂಗಾ ಆರಿಸಿ ಬಾಯಿಗೆ ಹಾಕಿಕೊಂಡರು. "ಖರೆ ಹೇಳು, ನಗೂಕಿಂತ ಮೊದಲ ಆಕಿ ಏನಂದ್ಲು?"

"ನನಗೂ ತಿಳೀಲಿಲ್ಲರಿ."

"ಹೋಗ್ಲಿ. ಮುಂದ ಎಂದಾರ ತಿಳದ್ರ ಬಂದು ಹೇಳು."

ಮದುವೆ, ಮಕ್ಕಳು, ಅತ್ತೆಯವರ ಆರೈಕೆ... ಇಳಕಲ್ಲು ಬಸ್ಸಿನಲ್ಲಿ ಎಷ್ಟು ಮಹಾ ದೂರ! ಆದರೂ ಮತ್ತೆ ಹೋಗಲಾಗಲಿಲ್ಲ. ಕಾಕಾ ಬರಲೇ ಇಲ್ಲವೆಂದು ಅವರಿವರಿಂದ ಕೇಳಿದೆ. ಕಾಕು ತೀರಿಕೊಂಡ ಸುದ್ದಿಯೂ ಹಾಗೆಯೇ, ಎರಡು ತಿಂಗಳು ತಡವಾಗಿ ಬಂತು.

ಸೀರೆ ಬಿಚ್ಚಿದ ಮರುದಿನ ಮಗನಿಗೆ ಹೇಳಿ ಮೊಬೈಲಿನಲ್ಲಿ ನಮ್ಮಾಕಿ ನಕ್ಕ ಆ ಚಿತ್ರ ಹುಡುಕಿಸಿದೆ. ಎಲ್ಲರೂ ಹೊರಗೆ ಹೋದ ಮೇಲೆ ಕೂತು ನೋಡಿದೆ. ಅದೇ ಅಡುಗೆಮನೆ, ಅದೇ ಮೀಸೆಯವನು. ಅವಳು ಅಂದದ್ದು ದೊಡ್ಡದೇನಲ್ಲ. ಒಲೆಯ ಮೇಲಿನ ಬ್ರೆಡ್ಡು ಕರಕಾಗಿತ್ತು, ಅದರ ಮಾತು. ಅಲ್ಲಿಗೇ ನಿಲ್ಲಿಸಿ, ಅದನ್ನು ನಮ್ಮ ಮಾತಿನಲ್ಲಿ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ.

"ರೊಟ್ಟಿ ಹೊತ್ತಿತಂತರಿ, ಕಾಕು. ಇರಲಿ, ನಾನ ತಿಂತೇನಿ ಅಂತಾಳ."

ಮನೆಯಲ್ಲಿ ಯಾರೂ ಇರಲಿಲ್ಲ.