ಹಾರದ ವಿಮಾನಗಳ ಚಲಪತಿ

ಚಲಪತಿಯ ಕೋಣೆಯ ತುಂಬ ವಿಮಾನಗಳು. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸಾಲಾಗಿ ನಿಂತಿದ್ದವು, ಒಂದೊಂದೂ ಅಂಗೈಯಗಲ, ಹೆಚ್ಚೆಂದರೆ ಮೊಳದುದ್ದ. ಒಂದೂ ಹಾರುವುದಿಲ್ಲ. ಹಾರುವ ಹಾಗೆ ಮಾಡಬಾರದಿತ್ತೇ ಎಂದು ಯಾರಾದರೂ ಕೇಳಿದರೆ ಚಲಪತಿ ಅವರನ್ನು ನೋಡುತ್ತಿದ್ದ ನೋಟವೇ ಬೇರೆ. ಹಾಲಿಗೆ ನೀರು ಬೆರೆಸಿ ತಂದವನನ್ನು ಡೈರಿಯಲ್ಲಿ ನೋಡುತ್ತಿದ್ದನಲ್ಲ, ಅದೇ ನೋಟ.

ಕಾಮಸಮುದ್ರದ ಕಡೆಯ ಆ ಊರಿನ ಹಾಲಿನ ಸೊಸೈಟಿಯಲ್ಲಿ ಅವನು ಟೆಸ್ಟರ್. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹಾಲಿಗೆ ಮಾಪಕ ಅದ್ದಿ ನೋಡುವುದು. ಮಿಕ್ಕ ಹಗಲೆಲ್ಲ ವಿಮಾನ. ವಯಸ್ಸು ನಲವತ್ತೈದು ದಾಟಿತ್ತು. ಒಂದು ಸಲವೂ ವಿಮಾನ ಹತ್ತಿದವನಲ್ಲ, ವಿಮಾನ ನಿಲ್ದಾಣದ ಗೇಟನ್ನೂ ಕಂಡವನಲ್ಲ. ಆದರೆ ಯಾವ ವಿಮಾನದ ಮೂತಿ ಎಷ್ಟು ಮೊಂಡು, ಯಾವುದರ ಬಾಲ ಯಾವ ವರ್ಷ ಉದ್ದವಾಯಿತು ಎಂದು ಕೇಳಿ ನೋಡಿ, ಊಟ ತಣ್ಣಗಾಗುವವರೆಗೂ ಹೇಳುತ್ತಾನೆ.

ಅವನ ತಮ್ಮ ವೇಣುವನ್ನು ಮದುವೆಯಾಗಿ ಬೆಂಗಳೂರಿನ ರಾಜಾಜಿನಗರದಿಂದ ಬಂದ ಶ್ಯಾಮಲಾಗೆ ಈ ಬಾವನನ್ನು ಕಂಡರೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬೇಜಾರು. ಮಗು ಹುಟ್ಟಿದ ಮೇಲೆ ಬರೀ ತಾತ್ಸಾರ. ಬಾಯಲ್ಲಿ 'ಬಾವ, ಬನ್ನಿ, ಊಟ ಮಾಡಿ' ಎಂಬ ಬಹುವಚನ, ಮನಸ್ಸಿನಲ್ಲಿ ಮಾತ್ರ ಏಕವಚನ.

ಈ ಹುಚ್ಚು ಹತ್ತಿದ ಕಥೆಯನ್ನು ಅತ್ತೆ ಪಾಪಕ್ಕ ದೇವರ ಕಥೆಯಂತೆ ಹೇಳುತ್ತಿದ್ದಳು. ಮಾವ ರಾಮಚಂದ್ರಪ್ಪ ಕೋರಮಂಡಲ್‌ನ ಚಿನ್ನದ ಗಣಿಯೊಳಗೆ ಕೂಲಿ ಮಾಡುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾಹೇಬರ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವಂತೆ. ಹಳೇ ಮರದ ಬೀರು ಒಂದನ್ನು ಅಗ್ಗಕ್ಕೆ ಕೊಡುತ್ತಾರೆಂದು ಅಮ್ಮನಿಗಾಗಿ ತರಲು ಹೋದ ಚಲಪತಿ ಎತ್ತಿನ ಗಾಡಿಯಲ್ಲಿ ಬೀರು ಹೇರಿಕೊಂಡು ಬಂದ. ಅದರ ಕೆಳಗಿನ ಖಾನೆಯಲ್ಲಿ ಯಾರೋ ಬಿಟ್ಟುಹೋದ ರಟ್ಟಿನ ಡಬ್ಬಿಗಳು, ಅವುಗಳೊಳಗೆ ಜೋಡಿಸದೇ ಉಳಿದ ಪ್ಲಾಸ್ಟಿಕ್ ವಿಮಾನದ ತುಂಡುಗಳು. ಬೀರುವನ್ನು ಎರಡೇ ವರ್ಷದಲ್ಲಿ ಗೆದ್ದಲು ತಿಂದಿತು. ವಿಮಾನಗಳು ಉಳಿದವು. 'ಗೆದ್ದಲಿಗೂ ಬೇಡವಾದವು' ಎಂದು ಶ್ಯಾಮಲಾ ಗಂಡನಿಗೆ ಹೇಳಿದ್ದಳು. ವೇಣು ನಕ್ಕು, ಅಣ್ಣನ ಕಿವಿಗೆ ಬಿದ್ದೀತು ಎಂದು ಬಾಗಿಲು ಮುಚ್ಚಿದ್ದ.

ಡಬ್ಬಿಯ ಮೇಲೆ ಯಾವ ವಿಮಾನದ ಚಿತ್ರವಿದೆಯೋ ಅದನ್ನೇ ಮಾಡಿದರೂ ಆಗುತ್ತಿತ್ತು. ಅದು ಬಾವನಿಗೆ ಅವಮಾನ. ಬಾಂಬು ಹಾಕುವುದನ್ನು ಫೋಟೋ ತೆಗೆಯುವುದಾಗಿ ಮಾಡಬೇಕು, ಇಬ್ಬರು ಕೂರುವುದನ್ನು ಒಬ್ಬನದಾಗಿ ಮಾಡಬೇಕು. ಅದಕ್ಕಾಗಿ ಮೂತಿ ಕುಯ್ಯುವುದು, ಬೇರೆ ಮೂತಿ ಅಂಟಿಸುವುದು, ಸಂದಿಗೆ ಮೆತ್ತುವುದು, ಉಜ್ಜುವುದು, ಮತ್ತೆ ಮೆತ್ತುವುದು. ಹಳೇ ಡಬ್ಬಿಗಳಲ್ಲಿರುವ ಅಂಟುಚಿತ್ರಗಳು ಹಳದಿಯಾಗಿರುತ್ತವೆಂದು ಅವನ್ನು ಬಿಸಿಲಿಗೆ ಬಿಳಿಯಾಗಲೆಂದು ಕಿಟಕಿಯ ಗಾಜಿಗೆ ಅಂಟಿಸಿ ತಿಂಗಳುಗಟ್ಟಲೆ ಬಿಡುತ್ತಿದ್ದ. ಮಗುವಿನ ಬಟ್ಟೆ ಒಣಗುವ ಕಿಟಕಿಯೂ ಅದೇ. ಮಾಡಿ ಮುಗಿಸಿದ್ದರ ಫೋಟೋ ಮೊಬೈಲಿನಲ್ಲಿ ಒಂದು ಗುಂಪಿಗೆ ಹೋಗುತ್ತಿತ್ತು. ಕೊಯಮತ್ತೂರಿನ ಒಬ್ಬ, ಪುಣೆಯ ಒಬ್ಬ 'ಸೂಪರ್ ಸಾರ್' ಎನ್ನುತ್ತಿದ್ದರು. ಆ ಎರಡು ಪದಕ್ಕೆ ಬಾವ ಎರಡು ದಿನ ಬೀಗುತ್ತಿದ್ದ.

ಅವನಿಗೆ ಹೆಣ್ಣು ಕೊಡಲು ಮುಳಬಾಗಿಲ ಕಡೆಯ ಅಶ್ವತ್ಥಪ್ಪ ಎಂಬುವರು ಒಮ್ಮೆ ಬಂದಿದ್ದರಂತೆ. ಕೋಣೆ ನೋಡಿ ಕೇಳಿದರಂತೆ:

"ಇವು ಆರ್ತವಾ?"

"ಇಲ್ಲ."

"ಮಾರ್ತೀಯಾ?"

"ಇಲ್ಲ."

"ಮತ್ತೆ ಮಕ್ಳು ಆಡ್ಕೊಳ್ಳೋಕಾ?"

"ಮಕ್ಳು ಮುಟ್ಟಿದ್ರೆ ಕೈ ಮುರೀತೀನಿ."

ಬಂದ ದಾರಿಗೆ ಸುಂಕವಿಲ್ಲವೆಂದು ಅಶ್ವತ್ಥಪ್ಪನವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಇದನ್ನು ಪಾಪಕ್ಕ ಈಗಲೂ ಹೆಣ್ಣಿನ ಕಡೆಯವರ ಕೊಬ್ಬು ಎಂದೇ ಹೇಳುತ್ತಾಳೆ.

ಇಷ್ಟೇ ಆಗಿದ್ದರೆ ಶ್ಯಾಮಲಾ ಸಹಿಸಿಕೊಳ್ಳುತ್ತಿದ್ದಳು. ಆದರೆ ಅವಳ ಮಗ ಚಿರಂಜೀವಿಗೆ ಉಬ್ಬಸ. ಎರಡು ತುಂಬದ ಮಗು ಎಳೆದೆಳೆದು ಉಸಿರಾಡುವಾಗ ಗಂಟಲ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಆ ಗುಳಿಯನ್ನು ನೋಡುತ್ತ ಕೂರುವುದೇ ಅವಳ ಬದುಕಾಗಿತ್ತು. ಬಾವನ ಕೋಣೆಯ ಬಣ್ಣದ ವಾಸನೆಗೆ ಒಂದು ಸಲ, ರಾಗಿ ಒಕ್ಕಣೆಯ ಧೂಳಿಗೆ ಒಂದು ಸಲ. ಬಂಗಾರಪೇಟೆಯ ಮಕ್ಕಳ ಡಾಕ್ಟರು ಇನ್ಹೇಲರ್ ಬರೆದುಕೊಟ್ಟಿದ್ದರು. ಅದನ್ನು ಮಗು ನೇರವಾಗಿ ಎಳೆದುಕೊಳ್ಳಲಾರದು. ಮಧ್ಯೆ ಗಾಜಿನಂಥ ಪ್ಲಾಸ್ಟಿಕ್ಕಿನ ಒಂದು ಡಬ್ಬಿ ಬೇಕು. ಎರಡು ಹೋಳು ಸೇರಿಸಿದರೆ ಕೋಳಿಮೊಟ್ಟೆಯನ್ನು ಉದ್ದಕ್ಕೆ ಎಳೆದಂತೆ ಆಗುತ್ತದೆ. ಒಂದು ತುದಿಗೆ ಔಷಧ, ಇನ್ನೊಂದು ತುದಿಗೆ ಮೂಗು ಬಾಯಿ ಮುಚ್ಚುವ ಮಾಸ್ಕು.

"ಈ ಗ್ಯಾಸು ಕೊಟ್ಟುಕೊಟ್ಟು ಅಭ್ಯಾಸ ಆಗೋಯ್ತದೆ ಕಣಮ್ಮ, ನಾವು ನಾಕು ಮಕ್ಳನ್ನ ಎಂಗೆ ಸಾಕುದ್ವಿ?" ಎಂದು ಪಾಪಕ್ಕ ದಿನಾ ಗೊಣಗುತ್ತಿದ್ದುದರಿಂದ ಶ್ಯಾಮಲಾ ಕೋಣೆಯ ಬಾಗಿಲು ಹಾಕಿಕೊಂಡೇ ಮಗುವಿಗೆ ಔಷಧ ಕೊಡುತ್ತಿದ್ದಳು. ಹಾಗಾಗಿ ಒಂದೇ ಸೂರಿನಡಿ ಇದ್ದ ಬಾವನಿಗೆ ಆ ಡಬ್ಬಿ ಏನೆಂದೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲವೆನ್ನಿ.

ಇನ್ನೊಂದಿತ್ತು. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡಬಾರದೆಂಬುದು ಆ ಮನೆಯ ಪದ್ಧತಿ. ನಾಲ್ಕು ವರ್ಷದಲ್ಲಿ ಬಾವ ಅವಳೊಂದಿಗೆ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ಮೊದಲು ಗೋಡೆಗೆ ಹೇಳುತ್ತಿದ್ದ, ಮಗು ಹುಟ್ಟಿದ ಮೇಲೆ ಮಗುವಿಗೆ. "ಚಿರು, ಸಾರಿಗೆ ಉಪ್ಪು ಕಮ್ಮಿ ಆಗೈತೆ ಅಂತ ನಿಮ್ಮಮ್ಮನಿಗೆ ಏಳಪ್ಪ." ಮನೆಯಲ್ಲಿ ಯಾವ ಪ್ಲಾಸ್ಟಿಕ್ಕಿನ ಚೂರು ಕಂಡರೂ ಅದರಲ್ಲಿ ವಿಮಾನದ ಅಂಗ ಕಾಣುತ್ತಿತ್ತು ಅವನಿಗೆ. ಕೆಮ್ಮಿನ ಸಿರಪ್ಪಿನ ಮುಚ್ಚಳ, ಶರ್ಟಿನ ಕಾಲರ್ ಪಟ್ಟಿ, ಪೆನ್ನಿನ ಹಿಂಬದಿ, ಎಲ್ಲವನ್ನೂ ಹೀಗೇ ಮಗುವಿನ ಮೂಲಕ ಕೇಳಿ ಕೇಳಿ ಒಯ್ಯುತ್ತಿದ್ದ.

ಆ ವಾರ ಅವನು ಕ್ಯಾನ್‌ಬೆರಾ ಎಂಬ ಹಳೇ ಯುದ್ಧವಿಮಾನ ಹಿಡಿದಿದ್ದ. ರಟ್ಟಿನ ಡಬ್ಬಿಯಲ್ಲಿದ್ದದ್ದು ಒಂದು ಬಗೆ, ಅವನಿಗೆ ಬೇಕಾದದ್ದು ನಮ್ಮ ವಾಯುಪಡೆಯಲ್ಲಿದ್ದ ಇನ್ನೊಂದು ಬಗೆ. ಅದರಲ್ಲಿ ಪೈಲಟ್ ಕೂರುವ ಜಾಗದ ಗಾಜಿನ ಗುಮ್ಮಟ ನಟ್ಟನಡುವೆ ಇಲ್ಲದೆ ಎಡಕ್ಕೆ ಸರಿದಿರುತ್ತದಂತೆ. ನೆಟ್ಟಗಿರುವುದನ್ನು ಸೊಟ್ಟ ಮಾಡಲು ಒಬ್ಬ ಮನುಷ್ಯ ಇಷ್ಟು ಒದ್ದಾಡುವುದನ್ನು ಶ್ಯಾಮಲಾ ಬೇರೆಲ್ಲೂ ಕಂಡಿರಲಿಲ್ಲ. ಗುಮ್ಮಟಕ್ಕೆಂದು ಅಡುಗೆಮನೆಯ ಒಲೆಯ ಮೇಲೆ ನೀರಿನ ಬಾಟಲಿ ಬಿಸಿ ಮಾಡಿ ಮರದ ಅಚ್ಚಿನ ಮೇಲೆ ಒತ್ತಿದ. ಮನೆಯೆಲ್ಲ ಸುಟ್ಟ ನಾತ, ಗುಮ್ಮಟ ಮಾತ್ರ ಮಂಜು ಮಂಜು. ಅವಳು ಮಗುವನ್ನೆತ್ತಿಕೊಂಡು ಹಿತ್ತಲಿಗೆ ಓಡಿದ್ದಳು.

ಮಾರನೇ ಬೆಳಿಗ್ಗೆ ಅವಳು ಔಷಧದ ಡಬ್ಬಿಯನ್ನು ತೊಳೆದು, ಎರಡು ಹೋಳನ್ನೂ ಮಾಸ್ಕನ್ನೂ ಕಿಟಕಿಯ ಬಳಿ ಬುಟ್ಟಿಯಲ್ಲಿ ಒಣಗಲಿಟ್ಟಳು. ಪಕ್ಕದಲ್ಲೇ ಮಗುವಿಗೆ ತಂದ ಕೇಕಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವೂ ಬಿದ್ದಿತ್ತು. ಆಮೇಲೆ ರಾಗಿಸರಿ ತಿನ್ನಿಸಲು ಕುಳಿತಳು. ಮಗು ಒಂದು ತುತ್ತು ನುಂಗಿದರೆ ಎರಡು ಉಗುಳುತ್ತಿತ್ತು. ಬಾಗಿಲಲ್ಲಿ ಬಾವ, ಕ್ಯಾಲೆಂಡರಿನ ಕಡೆ ಮುಖ.

"ಚಿರು, ಕಿಟಕಿ ತಾವ ಇರೋ ಪ್ಲಾಸ್ಟಿಕ್ಕು ನಿಮ್ಮಮ್ಮನಿಗೆ ಬೇಕಾ, ಕೇಳಪ್ಪ."

ಕೇಕಿನ ಮುಚ್ಚಳವೆಂದುಕೊಂಡಳು. ತಲೆ ಎತ್ತಲೂ ಇಲ್ಲ. "ತಗೊಂಡು ಹೋಗೋಕೆ ಹೇಳು ಪುಟ್ಟ. ಮನೇಲಿ ಇರೋದೆಲ್ಲ ತಗೊಂಡು ಹೋಗಿ ಅಂಟಿಸಿಕೊಳ್ಳಲಿ."

ಮಧ್ಯಾಹ್ನ ಊರ ಮುಂದಿನ ಟಾರು ರಸ್ತೆಯ ಮೇಲೆ ರಾಗಿ ಹರಡಿದ್ದರು, ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು. ಧೂಳು ಹೊಗೆಯಂತೆ ಎದ್ದು ಮನೆಯೊಳಗೆ ಬಂತು. ಮಲಗಿದ್ದ ಚಿರು ಕೆಮ್ಮುತ್ತ ಎದ್ದ. ಗಂಟಲ ಗುಳಿ ಒಳಕ್ಕೆ, ಹೊರಕ್ಕೆ. ಎದೆಯಲ್ಲಿ ಸೀಟಿ. ಶ್ಯಾಮಲಾ ಬುಟ್ಟಿಗೆ ಕೈ ಹಾಕಿದಳು. ಮಾಸ್ಕಿತ್ತು, ಒಂದು ಹೋಳಿತ್ತು. ಕೇಕಿನ ಮುಚ್ಚಳವೂ ಇದ್ದಲ್ಲೇ ಇತ್ತು.

ಎಂದೂ ಕಾಲಿಡದ ಕೋಣೆಗೆ ಅವಳು ನುಗ್ಗಿದಳು. ಇನ್ನೊಂದು ಹೋಳಿನ ತುದಿಯನ್ನು ಬ್ಲೇಡಿನಿಂದ ಕುಯ್ದು, ಆ ಹೆಬ್ಬೆರಳುದ್ದದ ಚೂರಿಗೆ ಟೂತ್‌ಪೇಸ್ಟ್ ಹಚ್ಚಿ ಬಾವ ತಿಕ್ಕುತ್ತ ಕುಳಿತಿದ್ದ. ಥಳಥಳ ಹೊಳೆಯುತ್ತಿತ್ತು ಗುಮ್ಮಟ.

"ಬಾವ, ಏನು ಮಾಡಿದ್ರಿ ಇದು!"

ಅವನು ಎದ್ದು ಗೋಡೆಗೆ ತಿರುಗಿದ. "ಚಿರು ಎಲ್ಲವ್ನೆ?" ಎಂದ. ಮಾತಾಡಲು ಮಗು ಬೇಕಲ್ಲ!

"ಚಿರುಗೆ ಉಸಿರು ಸಿಗ್ತಿಲ್ಲ. ಅದು ಅವನ ಔಷಧಿ ಡಬ್ಬಿ. ನನ್ನ ಹತ್ರ ಮಾತಾಡಿ!"

"ಅಮ್ಮಾ," ಎಂದು ಕೂಗಿದ ಬಾವ, "ಅದು ಔಸದಿದು ಅಂತ ನಂಗೇನು ಗೊತ್ತಿತ್ತು, ಏಳಮ್ಮ ಅವಳಿಗೆ!"

ಮಾತಿಗೆ ಹೊತ್ತಿರಲಿಲ್ಲ. ಇನ್ಹೇಲರನ್ನು ಮಗುವಿನ ಬಾಯಿಗೇ ಇಟ್ಟು ಒತ್ತಿ ನೋಡಿದಳು. ಮಗು ಕೆಮ್ಮಿ ಎಲ್ಲ ಹೊರಹಾಕಿತು. ವೇಣು ಬೆಂಗಳೂರಿನ ಕಾರ್ಖಾನೆಯಲ್ಲಿದ್ದ, ಬರುವುದು ಸಂಜೆಯ ರೈಲಿಗೆ. ಮನೆಯಲ್ಲಿದ್ದ ಗಾಡಿ ಬಾವನ ಮೊಪೆಡ್ ಒಂದೇ. ಯಾರಿಂದ ಈ ಗತಿ ಬಂತೋ ಅವನ ಬೆನ್ನಿಗೇ ಆತು ಕೂರಬೇಕಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹರಡಿದ ರಾಗಿಯ ಮೇಲೆ ಮೊಪೆಡ್ ಜಾರುತ್ತ ಹೋಯಿತು. ಬಂಗಾರಪೇಟೆ ಇನ್ನೇನು ಬಂತು ಎನ್ನುವಾಗ ರೈಲ್ವೆ ಗೇಟು ಬಿತ್ತು. ಗೂಡ್ಸು ಗಾಡಿ, ಮುಗಿಯುವುದೇ ಇಲ್ಲ. ಮಗುವಿನ ತುಟಿಯ ಬಣ್ಣ ಬದಲಾಗುತ್ತಿದೆಯೇ, ತನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೇ ಎಂದು ತಿಳಿಯದೆ ಶ್ಯಾಮಲಾ ಸೆರಗಿನಿಂದ ತುಟಿ ಒರೆಸಿ ಒರೆಸಿ ನೋಡಿದಳು.

"ಚಿರು, ರೈಲು ನೋಡು, ಎಷ್ಟುದ್ದ ಐತೆ!" ಎಂದ ಬಾವ, ಮುಂದಕ್ಕೇ ನೋಡುತ್ತ. ಅವನ ದನಿ ನಡುಗುತ್ತಿತ್ತು. ನಡುಗಲಿ ಎಂದುಕೊಂಡಳು.

ಆಸ್ಪತ್ರೆಯಲ್ಲಿ ನರ್ಸ್ ಮಾರಿಯಮ್ಮ ಮಗುವನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮುಖಕ್ಕೆ ಔಷಧದ ಹಬೆ ಹಿಡಿದು, ತಮಿಳು ಬೆರೆಸಿ ಅಂದಳು: "ಅಳಬೇಡ ಮಾ, ನೀನು ಅತ್ತರೆ ಕುಳಂದೆ ಇನ್ನೂ ಜಾಸ್ತಿ ಅಳುತ್ತೆ." ಸ್ವಲ್ಪ ಹೊತ್ತಿಗೆ ಎದೆಯ ಸೀಟಿ ಇಳಿಯಿತು. ಗುಳಿ ಒಳಕ್ಕೆ ಹೋಗುವುದು ನಿಂತಿತು. ಮಗು ಮಾಸ್ಕನ್ನು ಕೈಯಿಂದ ತಳ್ಳಲು ಶುರುಮಾಡಿದಾಗ ಶ್ಯಾಮಲಾ ಸ್ಟೂಲು ಎಳೆದುಕೊಂಡು ಕುಳಿತಳು.

ಬಾವ ಪಕ್ಕದ ಮಂಚದ ಬಳಿ ನಿಂತಿದ್ದ. ಅಲ್ಲಿ ಯಾರದೋ ಕೈಗೆ ಗ್ಲೂಕೋಸ್ ಇಳಿಯುತ್ತಿತ್ತು. ಹನಿ ಬೀಳುವ ಆ ಪುಟ್ಟ ಗಾಜಿನಂಥ ಕೊಳವೆಯನ್ನು ತಲೆ ಓರೆ ಮಾಡಿ ನೋಡುತ್ತಿದ್ದ.

"ಸಿಸ್ಟರ್, ಇದನ್ನ ಆಮೇಲೆ ಬಿಸಾಕ್ತೀರಾ?"

"ಬಿಸಾಕ್ತೀವಿ. ಯಾಕೆ, ನಿಮಗೂ ಒಂದು ಹಾಕಬೇಕಾ?"

ಕಂಡು ಕೇಳರಿಯದ ನರ್ಸಮ್ಮನ ಮುಖ ನೋಡಿ ಎಷ್ಟು ಸಲೀಸಾಗಿ ಮಾತಾಡಿದ! ಶ್ಯಾಮಲಾ ಅದನ್ನು ಗಮನಿಸಿದಳು.

ಅಷ್ಟರಲ್ಲಿ ಆಟೋ ಹಿಡಿದು ಪಾಪಕ್ಕ ಬಂದಳು. ಮೊಮ್ಮಗನ ಕೆನ್ನೆ ಸವರಿ, ಅವನು ಆರಾಮಾಗಿದ್ದಾನೆಂದು ತಿಳಿದ ಕೂಡಲೇ ದನಿ ಏರಿಸಿದಳು. "ನನ್ನ ಮಗನ್ನ ಬೈದ್ಯಲ್ಲ. ತಗೊಂಡೋಗ್ಲಿ ಅಂತ ಏಳಿದ್ದು ನೀನೇ ಅಲ್ವೇನೇ? ನನ್ನ ಕಿವಿಯಾರ ಕೇಳಿವ್ನಿ."

ಶ್ಯಾಮಲಾಗೆ ಮುಖ ಕಾದ ಹೆಂಚಾಯಿತು. ಹೇಳಿದ್ದು ಹೌದು. ತಲೆ ಎತ್ತದೆ ಹೇಳಿದ್ದೂ ಹೌದು.

"ಯಾರಿಗೆ ಹೇಳಿದೆ ಅತ್ತೆ? ಮಗುವಿಗೆ ಹೇಳಿದೆ. ಕೇಳಿದ್ದೂ ಮಗುವನ್ನೇ. ಎರಡು ತುಂಬದ ಕೂಸನ್ನ ನಡುವೆ ನಿಲ್ಲಿಸಿಕೊಂಡು ನಾವಿಬ್ಬರು ದೊಡ್ಡವರು ಮಾತಾಡಿದ್ವಿ. ಅದರ ಉಸಿರೇ ಹೋಗ್ತಿತ್ತು."

"ಅದು ಮರ್ಯಾದೆ ಕಣಮ್ಮ."

"ಇಂಥ ಮರ್ಯಾದೆಗೆ ಬೆಂಕಿ ಬಿತ್ತು."

ಔಷಧದಂಗಡಿಯಲ್ಲಿ ಹೊಸ ಡಬ್ಬಿ ಕೊಂಡು, ಅಂಗಡಿಯವನ ಎದುರಲ್ಲೇ ಎರಡು ಹೋಳೂ ಇದೆಯೇ ಎಂದು ಬಿಚ್ಚಿ ನೋಡಿ, ಶ್ಯಾಮಲಾ ಹೊರಗೆ ಬಂದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಬಾವ ಮೊಪೆಡ್ಡಿನ ಪಕ್ಕ ನಿಂತು ಎದುರಿನ ಬೇಕರಿಯ ಬೋರ್ಡು ಓದುತ್ತಿದ್ದ.

"ಬಾವ, ಇಲ್ಲಿ ನೋಡಿ. ನನ್ನ ಮುಖ ನೋಡಿ."

ಪಾಪಕ್ಕ "ಅಯ್ಯೋ ಸಿವನೇ, ಬೀದೀಲಿ!" ಎಂದಳು.

"ಇನ್ನು ಮೇಲೆ ನಮ್ಮನೇಲಿ ಒಂದು ಗುಂಡುಸೂಜಿ ಬೇಕಾದರೂ ನನ್ನ ಮುಖ ನೋಡಿ ಕೇಳಬೇಕು. ಮಗುವಿಗೆ ಹೇಳೋದಲ್ಲ, ಗೋಡೆಗೆ ಹೇಳೋದಲ್ಲ. ಅರ್ಥ ಆಯ್ತಾ?"

ಬಾವ ಬೋರ್ಡಿನಿಂದ ಕಣ್ಣು ಕಿತ್ತ. ತನ್ನ ಚಪ್ಪಲಿ ನೋಡಿದ, ಅವಳ ಚಪ್ಪಲಿ ನೋಡಿದ, ಮಗುವಿನ ಬೆನ್ನು ನೋಡಿದ. ಕೊನೆಗೆ ಅವಳ ಮುಖ ನೋಡಿದ. ಅವನ ಹುಬ್ಬಿನಲ್ಲಿ ಬೂದು ಬಣ್ಣದ ಒಂದು ಹನಿ ಒಣಗಿ ಕೂತಿತ್ತು. ತಪ್ಪಾಯಿತು ಎನ್ನುತ್ತಾನೆ ಎಂದು ಅವಳು ಕಾದಳು. ಒಂದು ವೇಳೆ ಹಾಗೆಂದರೆ ಏನು ಹೇಳುವುದು ಎಂದು ಗಾಬರಿಯೂ ಆಯಿತು.

"ಅಂಗಾದ್ರೆ," ಎಂದ ಬಾವ, ಗಂಟಲು ಸರಿಮಾಡಿಕೊಂಡು, "ಅಳೇದರ ಇನ್ನೊಂದು ಓಳು ಉಳೀತಲ್ಲಮ್ಮ. ಅದು ಇನ್ನು ಬೇಕಾಗಲ್ಲ ಅಲ್ವಾ. ಕೊಡ್ತೀಯಾ?"

ಶ್ಯಾಮಲಾ ಅವನನ್ನು ದಿಟ್ಟಿಸಿದಳು. ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಮೋಸವೂ ಇರಲಿಲ್ಲ. ಬೇಕು ಎಂಬುದೊಂದೇ ಇತ್ತು, ಅಂಗಡಿ ಮುಂದೆ ನಿಂತ ಮಗುವಿನ ಮುಖದ ಹಾಗೆ.

"ಕೊಡಲ್ಲ," ಎಂದಳು.

"ಆಯ್ತಮ್ಮ," ಎಂದ ಬಾವ, ಅವಳ ಮುಖ ನೋಡಿಕೊಂಡೇ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ.